ಅಪ್‌ಡೇಟ್: ಮೊದಲ ಕೆಲಸದ ಪಿಎಫ್ ಖಾತೆಯಲ್ಲಿ ಹೆಸರು ಸರಿಹೋಯಿತು

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಮೊದಲ ಕೆಲಸಕ್ಕೆ ಸೇರಿದ ನಾನು, ನನ್ನ ಹೆಸರಿನ ಜೊತೆಗಿರುವ ತಂದೆಯ ಹೆಸರು ಆಧಾರ್‌ನಲ್ಲಿ ಪೂರ್ತಿಯಾಗಿಯೂ ಪಿಎಫ್ ದಾಖಲೆಯಲ್ಲಿ ಬರೀ ಇನಿಷಿಯಲ್ ಆಗಿಯೂ ಇದ್ದುದರಿಂದ ಕೆವೈಸಿ (ಗುರುತಿನ ದೃಢೀಕರಣ) ಆಗುತ್ತಿಲ್ಲ, ಏನು ಮಾಡಲಿ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಈಗ ಅದು ಬಗೆಹರಿದಿದೆ. ಆಗ ಕೆಲವರು ಕೊಟ್ಟ ಸಲಹೆಯಂತೆ ಮಾಡಿಸಿದ ನೋಟರಿ ಅಫಿಡವಿಟ್ಟನ್ನು ಯಾರೂ ಕೇಳಲೇ ಇಲ್ಲ. ಆಧಾರ್‌ನಲ್ಲೇ ಹೆಸರು ಬದಲಿಸುವ ಯೋಚನೆಯನ್ನು ಕೈಬಿಟ್ಟೆ, ಏಕೆಂದರೆ ಅಲ್ಲಿ ಹೆಸರಿನ ತಿದ್ದುಪಡಿಗೆ ಸಾಮಾನ್ಯವಾಗಿ ಎರಡೇ ಅವಕಾಶ. ಫಲ ಕೊಟ್ಟದ್ದು ನನ್ನ ಪ್ರಶ್ನೆಗೆ ಉತ್ತರಿಸಿದ ಶಿರಾದ ಅಣ್ಣನವರು ತೋರಿಸಿದ ದಾರಿ: ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ, ಆಧಾರ್‌ನಲ್ಲಿರುವ ಹೆಸರನ್ನೇ ನಮೂದಿಸಿ ಜಂಟಿ ಘೋಷಣೆ (ವಿವರ ತಿದ್ದಲು ನೌಕರ ಮತ್ತು ಕಂಪನಿ ಸೇರಿ ಕೊಡುವ ಅರ್ಜಿ) ಸಲ್ಲಿಸಿ, ಕಾರ್ಖಾನೆಯ ಎಚ್‌ಆರ್ ವಿಭಾಗದಿಂದ ಅನುಮೋದನೆ ಪಡೆಯುವುದು. ಅವರಿಗೆ ಮನಃಪೂರ್ವಕ ಧನ್ಯವಾದಗಳು.

ಪಿಎಫ್ ಪಾಸ್‌ಬುಕ್ ತೆರೆದಾಗ ಅಚ್ಚರಿಯೊಂದು ಕಾದಿತ್ತು. ನನ್ನ ಪಾಲು 1,800 ರೂಪಾಯಿ ಇದ್ದರೆ ಕಂಪನಿಯ ಪಾಲು 550 ಮಾತ್ರ ಇತ್ತು. ವಿಚಾರಿಸಿದಾಗ, ಕಂಪನಿಯೂ ನನ್ನಂತೆಯೇ ವೇತನದ ಶೇ 12ರಷ್ಟನ್ನೇ ಕಟ್ಟುತ್ತದೆ, ಆದರೆ ಅದರೊಳಗೆ ವೇತನದ ಶೇ 8.33, ಅಂದರೆ ನನ್ನ 15,000 ರೂಪಾಯಿ ಮೂಲ ವೇತನಕ್ಕೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗಿ ಬೇರೆ ಅಂಕಣದಲ್ಲಿ ಕಾಣುತ್ತದೆಂದು ತಿಳಿಯಿತು. ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ಸಂಬಳದ ದಿನವೇ ಯಾರಾದರೂ ವಿವರಿಸಿ ಹೇಳಬೇಕೆಂಬುದು ನನ್ನ ಆಸೆ. ಮುಂದೆ ಕೆಲಸ ಬದಲಿಸುವವರು ಹೊಸ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಮಾಡಿಸದೆ, ಈಗಿರುವ 12 ಅಂಕಿಯ ಸಂಖ್ಯೆಯನ್ನೇ ಹೊಸ ಕಂಪನಿಗೆ ಕೊಡಬೇಕು.