ಅಪ್‌ಡೇಟ್: ಶಿರಿಯ ಅಳಿವೆಯಲ್ಲಿ ಕೊನೆಗೂ ಹಕ್ಕಿಗಳು ಸಿಕ್ಕವು

ಕುಂಬಳೆ ಬಳಿಯ ಶಿರಿಯ ಅಳಿವೆಗೆ ಎರಡು ಸಲ ನಡೆದು ಹೋದರೂ ಹಕ್ಕಿಗಳೇ ಕಾಣಲಿಲ್ಲ, ಏನು ಮಾಡಲಿ ಎಂದು ಕೇಳಿದ್ದೆನಲ್ಲ, ಭಾನುವಾರ ಮತ್ತೆ ಹೋಗಿದ್ದೆ. ನಸುಕಿನಲ್ಲೇ ತಲುಪಿ ಎಂಬ ಸಲಹೆ ಫಲಿಸಲಿಲ್ಲ. ಆಗ ಉಬ್ಬರ, ಕೆಸರುದಿಣ್ಣೆಗಳೆಲ್ಲ ನೀರಿನಡಿ. ಕೈಹಿಡಿದದ್ದು ಇಳಿತ ನೋಡಿ ಹೊರಡಿ ಎಂದವರ ಮಾತು. ಅವರಿಗೆ ದೊಡ್ಡ ನಮಸ್ಕಾರ! ಹತ್ತು ಗಂಟೆಗೆ ನೀರು ಸರಿದದ್ದೇ ತಡ, ಉಲ್ಲಂಕಿ ಹಕ್ಕಿಗಳು ಕೆಸರಿನಲ್ಲಿ ಹುಳ ಹೆಕ್ಕುತ್ತ ಓಡಾಡಿದವು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಹೋಗುವ ದಿನದ ವೇಳೆಯನ್ನೇ ನೋಡಿಕೊಳ್ಳಿ.

ಮರಳುವಾಗ ಬಿಳಿಹೊಟ್ಟೆಯ ಕಡಲ ಹದ್ದು ತಲೆಯ ಮೇಲೆಯೇ ತೇಲಿತು. 2023ರಲ್ಲಿ ಅದನ್ನು ಕಾಸರಗೋಡಿನ ಜಿಲ್ಲಾ ಪಕ್ಷಿಯೆಂದು ಘೋಷಿಸಿದ್ದಾರೆ. ಜಿಲ್ಲಾ ಮರ ನಮ್ಮ ಕಾಸರಕ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಈಗಷ್ಟೇ ತಿಳಿಯಿತು.