ಸಹಾಯ ಬೇಕು: ಬಾಹಾ ತಂಡಕ್ಕೆ ಯಾವ ಕ್ಯಾಡ್ ಸಾಫ್ಟ್‌ವೇರ್ ಒಳ್ಳೇದು?

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯ ಮೆಕ್ಯಾನಿಕಲ್ ವಿದ್ಯಾರ್ಥಿಗಳು, ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ (ಕಾಲೇಜು ತಂಡಗಳು ಆಫ್-ರೋಡ್ ಗಾಡಿ ಕಟ್ಟಿ ಓಡಿಸೋ ಸ್ಪರ್ಧೆ) ಗಾಡಿ ಡಿಸೈನ್ ಶುರು ಮಾಡ್ತಿದ್ದೀವಿ. ರೋಲ್‌ಕೇಜ್ (ಚಾಲಕರನ್ನ ಕಾಪಾಡೋ ಪೈಪಿನ ಚೌಕಟ್ಟು), ಸಸ್ಪೆನ್ಶನ್, ಬ್ರೇಕ್ ಒಬ್ಬೊಬ್ಬರು ಒಂದೊಂದು ನೋಡ್ಕೊಳ್ತಾರೆ. ಎಲ್ಲರೂ ಒಂದೇ ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡೋ) ಸಾಫ್ಟ್‌ವೇರ್‌ನಲ್ಲಿ ಮಾಡಬೇಕು ಅಂತ ತೀರ್ಮಾನ ಆಗಿದೆ. ಯಾವುದರಲ್ಲಿ ಅನ್ನೋದೇ ಬಗೆಹರಿದಿಲ್ಲ.

ಲ್ಯಾಬ್‌ನಲ್ಲಿ ಸಾಲಿಡ್‌ವರ್ಕ್ಸ್ ಇದೆ, ಹಳೇ ವರ್ಷನ್. ನಮ್ಮ ಲ್ಯಾಪ್‌ಟಾಪ್‌ಗಳ ಹೊಸ ವರ್ಷನ್ ಫೈಲು ಅಲ್ಲಿ ಓಪನ್ ಆಗಲ್ಲ. ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳಲ್ಲಿ ತೆರೆಯೋ ಸಾಮಾನ್ಯ ಫಾರ್ಮ್ಯಾಟ್) ಮಾಡಿ ಕೊಟ್ಟರೆ ಆಕಾರ ಮಾತ್ರ ಬರುತ್ತೆ, ಫೀಚರ್ ಟ್ರೀ (ಹಂತ ಹಂತವಾಗಿ ಹೇಗೆ ಮಾಡಿದ್ದು ಅನ್ನೋ ಪಟ್ಟಿ) ಬರಲ್ಲ. ಆಮೇಲೆ ಒಂದು ಪೈಪಿನ ಬೆಂಡ್ ಬದಲಿಸೋದೂ ದೊಡ್ಡ ಕೆಲಸ.

ನನ್ನ ಒಲವು ಆನ್‌ಶೇಪ್ ಅನ್ನೋ ಕ್ಯಾಡ್ ಕಡೆಗೆ. ಬ್ರೌಸರ್‌ನಲ್ಲೇ ನಡೆಯುತ್ತೆ, ವಿದ್ಯಾರ್ಥಿಗಳಿಗೆ ಉಚಿತ, ಒಂದೇ ಅಸೆಂಬ್ಲಿಯನ್ನ ಇಬ್ಬರು ಒಟ್ಟಿಗೆ ತಿದ್ದಬಹುದು, ಯಾರು ಏನು ಬದಲಿಸಿದರು ಅನ್ನೋದು ದಾಖಲಾಗಿರುತ್ತೆ. ಚಿಂತೆ ಒಂದೇ: ಹಾಸ್ಟೆಲ್‌ನಲ್ಲಿ ಸಂಜೆ ನೆಟ್ ಬಹಳ ನಿಧಾನ. ಫ್ಯೂಷನ್ ಕೂಡ ಉಚಿತವಾಗಿ ಸಿಗುತ್ತೆ. ಫ್ರೀಕ್ಯಾಡ್‌ನ 1.0 ಆವೃತ್ತಿ 2024ರಲ್ಲಿ ಬಂದಿದೆ, ಲೈಸೆನ್ಸ್ ತಾಪತ್ರಯವೇ ಇಲ್ಲ, ಆದರೆ ನಮ್ಮ ತಂಡದಲ್ಲಿ ಅದು ಯಾರಿಗೂ ಬರಲ್ಲ.

ಅನಾಲಿಸಿಸ್‌ಗೆ (ಭಾರ ಬಿದ್ದಾಗ ಭಾಗ ತಡೆಯುತ್ತಾ ಅಂತ ಲೆಕ್ಕ ಹಾಕೋಕೆ) ಅನ್ಸಿಸ್ ಸಾಫ್ಟ್‌ವೇರ್‌ನ ಸ್ಟೂಡೆಂಟ್ ಆವೃತ್ತಿ ಸಾಕಾಗುತ್ತಾ? ಅದರಲ್ಲಿ ಮೆಶ್‌ಗೆ (ಲೆಕ್ಕಕ್ಕಾಗಿ ಭಾಗವನ್ನ ಎಷ್ಟು ಸಣ್ಣ ತುಂಡುಗಳಾಗಿ ಒಡೆಯಬಹುದು ಅನ್ನೋದಕ್ಕೆ) ಮಿತಿ ಇದೆ. ರೋಲ್‌ಕೇಜನ್ನ ಬೀಮ್ ಎಲಿಮೆಂಟ್‌ನಲ್ಲಿ (ಪೈಪನ್ನ ಬರೀ ಗೆರೆಯಾಗಿ ತೋರಿಸಿ) ಮಾಡಿದರೆ ಸುಲಭವಾಗಿ ಹಿಡಿಸುತ್ತೆ, ನಕಲ್‌ನಂಥ (ಚಕ್ರವನ್ನ ಸಸ್ಪೆನ್ಶನ್‌ಗೆ ಜೋಡಿಸೋ ಭಾಗ) ಸಾಲಿಡ್ ಪಾರ್ಟ್‌ಗಳಿಗೆ ಏನು ಮಾಡಿದಿರಿ?

ಬಾಹಾ ಅಥವಾ ಫಾರ್ಮುಲಾ ಭಾರತ್ (ವಿದ್ಯಾರ್ಥಿಗಳ ರೇಸ್ ಕಾರ್ ಸ್ಪರ್ಧೆ) ಗಾಡಿ ಕಟ್ಟಿದ ಸೀನಿಯರ್‌ಗಳು ದಯವಿಟ್ಟು ಹೇಳಿ. ಆನ್‌ಶೇಪ್‌ನಲ್ಲಿ ಪೂರ್ತಿ ಗಾಡಿ ಅಸೆಂಬ್ಲಿ ಮಾಡಿದವರಿದ್ದರೆ, ಪೈಪ್ ನಾಚಿಂಗ್ (ಒಂದು ಪೈಪು ಇನ್ನೊಂದಕ್ಕೆ ಸರಿಯಾಗಿ ಕೂರೋ ಹಾಗೆ ತುದಿ ಕತ್ತರಿಸೋದು) ಹೇಗೆ ಮಾಡಿಕೊಂಡಿರಿ ಅನ್ನೋದನ್ನೂ ತಿಳಿಸಿ.