ಮಜ್ಜೆ ಕಸಿ ಆದ ಮೇಲೆ ಎಷ್ಟು ವರ್ಷ? ಅನುಭವ ಇದ್ದವರು ಹೇಳಿ

ಕುಂಬಳೆಯಿಂದ: ತಮ್ಮನಿಗೆ ಎಎಂಎಲ್, ಅಂದರೆ ರಕ್ತದ ಕ್ಯಾನ್ಸರ್. ತಂಗಿಯ ಮಜ್ಜೆ ಹೊಂದಿಕೆಯಾಗಿ ಕಸಿ ಆಯಿತು. ಸದ್ಯದಲ್ಲೇ ಮನೆಗೆ ಬರುತ್ತಾನೆ. ಇನ್ನೆಷ್ಟು ವರ್ಷ ಅಂತ ಅಮ್ಮ ದಿನಾ ಕೇಳುತ್ತಾರೆ, ಏನು ಹೇಳಲಿ?

ಬದಿಯಡ್ಕದಿಂದ: ಅಕ್ಕಾ, ನಮ್ಮ ಮನೆಯವರಿಗೂ ಇದೇ ಕಾಯಿಲೆ. ಅವರ ಅಣ್ಣ ಮಜ್ಜೆ ಕೊಟ್ಟರು. ಈಗ ಚೆನ್ನಾಗಿದ್ದಾರೆ, ದಿನಾ ಅಂಗಡಿಗೆ ಹೋಗುತ್ತಾರೆ. ಈಗಲೇ ಕೇಳಿದರೆ ಯಾವ ಡಾಕ್ಟರೂ ಇಷ್ಟೇ ವರ್ಷ ಅಂತ ಹೇಳುವುದಿಲ್ಲ. ಮೊದಲ 100 ದಿನ ಸೋಂಕಿನ ಭಯ ಜಾಸ್ತಿ, ಆಮೇಲೆ ಎರಡು ವರ್ಷದವರೆಗೆ ಕಾಯಿಲೆ ಮರಳುವ ಭಯ. ಅದನ್ನು ದಾಟಿದವರ ಲೆಕ್ಕವೇ ಬೇರೆ. ಬೇರೆಯವರ ಮಜ್ಜೆ ಪಡೆದು ಎರಡು ವರ್ಷ ಕಾಯಿಲೆ ಮರಳದೆ ಇದ್ದ 10,000ಕ್ಕೂ ಹೆಚ್ಚು ಜನರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಬಂತು, ಕಸಿಯಾಗಿ 10 ವರ್ಷದ ಹೊತ್ತಿಗೂ ಅವರಲ್ಲಿ ನೂರಕ್ಕೆ ಸುಮಾರು 85 ಮಂದಿ ಬದುಕಿದ್ದರು. ಅಮ್ಮನಿಗೆ ಇದನ್ನೇ ಹೇಳಿ: ಮೊದಲು ಈ ಎರಡು ವರ್ಷ ದಾಟಿಸೋಣ.

ನಮ್ಮ ಕಡೆ ನನಗೆ ಹೆಚ್ಚು ಹೆದರಿಕೆ ಬೂಷ್ಟಿನದು. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವುದು, ಅಡಿಕೆ ಸುಲಿಯುವಾಗ ಏಳುವ ಧೂಳು, ಹಟ್ಟಿ, ಗೊಬ್ಬರದ ಗುಂಡಿ, ಇವುಗಳಿಂದ ಶ್ವಾಸಕೋಶಕ್ಕೆ ಶಿಲೀಂಧ್ರ ಹತ್ತಬಹುದು. ಅವನು ಬರುವ ಮೊದಲೇ ಗಾಳಿ ಬೆಳಕು ಇರುವ ಒಂದು ಕೋಣೆ ಒರೆಸಿ ಒಣಗಿಸಿ ಇಡಿ. ಅಂಗಳದಲ್ಲಿ ಅಡಿಕೆ ಕೆಲಸ ಈ ವರ್ಷ ಬೇಡ, ಬಾವಿ ನೀರು ಕುದಿಸದೆ ಕೊಡಬೇಡಿ.

ಪೆರ್ಲದಿಂದ: ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸಲು ಕೊಡುವ ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವಾಗ ಚಕ್ಕೋತ ತಿನ್ನಬಾರದು, ರಕ್ತದಲ್ಲಿ ಮದ್ದಿನ ಪ್ರಮಾಣ ಏರುತ್ತದೆ. ಹಿರಿಯರು ಪ್ರೀತಿಯಿಂದ ಅಮೃತಬಳ್ಳಿ ಕಷಾಯ ಮಾಡಿ ತರುತ್ತಾರೆ, ದಯವಿಟ್ಟು ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಂಜೇಶ್ವರದಿಂದ: ನನ್ನ ಮಗಳಿಗೆ ಕಸಿ ಆದದ್ದು ದೂರದಲ್ಲಿ, ಆದರೆ ರಾತ್ರಿ ಜ್ವರ ಬಂದರೆ ಹತ್ತಿರ ಇರುವುದು ಮಂಗಳೂರು. ಹಾಗಾಗಿ ಡಿಸ್ಚಾರ್ಜ್ ಕಾಗದ, ಮದ್ದಿನ ಪಟ್ಟಿ ಒಂದು ಚೀಲದಲ್ಲಿ ಬಾಗಿಲ ಹತ್ತಿರವೇ ಇರಲಿ. ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮೈಯಲ್ಲಿ ಕೆಂಪು ದದ್ದು, ನಿಲ್ಲದ ಭೇದಿ, ಕಣ್ಣು ಹಳದಿ ಕಂಡರೂ ಹಾಗೆಯೇ, ತಂಗಿಯ ಜೀವಕೋಶಗಳು ಅವನ ಮೈಯ ಮೇಲೆ ತಿರುಗಿ ಬಿದ್ದಿರಬಹುದು. ರಕ್ತ ಏರಿಸಬೇಕಾಗಿ ಬಂದರೆ ವಿಕಿರಣ ಹಾಯಿಸಿದ ರಕ್ತವೇ ಬೇಕು ಎಂದು ನೀವೇ ಹೇಳಿ. ತಂಗಿಯ ರಕ್ತದ ಗುಂಪು ಬೇರೆ ಆಗಿದ್ದರೆ ಅವನದೂ ಬದಲಾಗುತ್ತದೆ, ಹಳೆಯ ಕಾರ್ಡು ತೋರಿಸಬೇಡಿ. ಚಿಕ್ಕಂದಿನ ಲಸಿಕೆಗಳನ್ನೂ ಮತ್ತೆ ಹಾಕಿಸಬೇಕಾಗುತ್ತದೆ, ಯಾವಾಗ ಎಂದು ಮುಂದಿನ ತಪಾಸಣೆಯಲ್ಲಿ ಕೇಳಿಟ್ಟುಕೊಳ್ಳಿ.